ಎಡಗಣ್ಣು ಮುಚ್ಚಿ ನೋಡುವವರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅವರ ಮನೆಯ ಬಾಗಿಲು ಹಸಿರಾಗಿತ್ತು ಎಂದು ನನ್ನ ನೆನಪು. ಚಿಕ್ಕಮ್ಮ ನೀಲಿ ಅನ್ನುತ್ತಾಳೆ. ಅವರು ಸೆರಗಿನ ತುದಿಯಲ್ಲಿ ಬೀಜ ಗಂಟು ಹಾಕಿಕೊಂಡು ಬರುತ್ತಿದ್ದರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ನೆನಪೋ ಕಟ್ಟಿದ ಕಥೆಯೋ ತಿಳಿಯದಷ್ಟು ನಯವಾಗಿಬಿಟ್ಟಿದೆ. ಇಂಥವು ತಪ್ಪಿದರೆ ನಷ್ಟವಿಲ್ಲ. ಒಂದು ಸಂಗತಿ ಮಾತ್ರ ತಪ್ಪಬಾರದು, ಅದೇ ನನಗೆ ಸರಿಯಾಗಿ ನೆನಪಿಲ್ಲ. ಅವರು ಆರೇಳು ವರ್ಷ ಬೆಳೆಸಿದ ತೋಟವನ್ನು ನಮ್ಮ ಮನೆಯವರು ಒಂದು ಬೆಳಗ್ಗೆ ಕೆರೆದು ಬೋಳು ಮಾಡಿದರು. ಅದಕ್ಕೆ ಕಾರಣವಾದದ್ದು ಒಂದು ಅರ್ಧ ಮಾತು. ಅದನ್ನು ಅರ್ಧ ಮಾಡಿದವಳು ನಾನೇ ಇರಬಹುದು. ಅವರು ಗೌರಿಬಿದನೂರಿನಲ್ಲಿ ತೀರಿಕೊಂಡು ಎರಡು ತಿಂಗಳಾಯಿತು. ಆವತ್ತಿನಿಂದ ಹಳೆಯ ಡೈರಿಗಳನ್ನು ಮುಂದಿಟ್ಟುಕೊಂಡು ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ.

ಹೆಸರು ಬರೆಯುವುದಿಲ್ಲ. ಬೀದಿಯಲ್ಲೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಶಿಡ್ಲಘಟ್ಟದ ಅಂಚಿನ ನಮ್ಮ ಬೀದಿಗೆ ಅವರು ಕೋಠಿ ಅಕ್ಕ. ನನಗೆ ಕೋಠಿ ಅಮ್ಮ. ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಬಿತ್ತನೆ ಕೋಠಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಅರೆದು, ಆ ರಸದ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವರ ಕೆಲಸ. ಗಂಟುರೋಗದ ಒಂದು ಕಣ ಕಂಡರೂ ಆ ತಾಯಿಯ ಮೊಟ್ಟೆಗಳನ್ನೆಲ್ಲ ಸುಡಬೇಕು. ಆ ರೋಗ ತಾಯಿಯಿಂದ ಮರಿಗೆ ಬರುತ್ತದೆ, ಒಂದು ಮನೆಯಿಂದ ಊರಿಗೆ ಹಬ್ಬುತ್ತದೆ. ಸುಡಬೇಕೋ ಉಳಿಸಬೇಕೋ ಎನ್ನುವುದು ಅವರ ಬಲಗಣ್ಣಿನ ಮೇಲೆ ನಿಂತಿತ್ತು.

ಅದಕ್ಕೇ ಇರಬೇಕು, ಯಾವುದನ್ನೇ ಗಮನವಿಟ್ಟು ನೋಡುವಾಗ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಸ್ಸಿನ ಬೋರ್ಡು, ಮದುವೆ ಕಾಗದ, ತಳ್ಳುಗಾಡಿಯ ಟೊಮೆಟೊ ಎಲ್ಲಕ್ಕೂ ಒಂದೇ ಕಣ್ಣು. ಹೊಸದಾಗಿ ಬಂದ ತರಕಾರಿಯವನು ಒಮ್ಮೆ ಕಕ್ಕಾಬಿಕ್ಕಿಯಾಗಿ, "ಏನಮ್ಮಾ, ಈ ವಯಸ್ಸಲ್ಲಿ ಕಣ್ಣು ಹೊಡೀತೀರಲ್ಲಾ?" ಎಂದಿದ್ದ. "ನಿನಗಲ್ಲಪ್ಪಾ, ಟೊಮೆಟೊಗೆ" ಎಂದು ಇವರು ಇನ್ನೊಂದು ಹಣ್ಣು ಎತ್ತಿಕೊಂಡರು.

ಕಣ್ಣಿನಂತೆಯೇ ನಾಲಿಗೆಗೂ ಒಂದು ಅಭ್ಯಾಸ. "ನೋಡ್ದೆ ಹೇಳಬಾರ್ದು." ಮಳೆ ಬರುತ್ತಾ ಅಂದರೂ, ಪಕ್ಕದ ಮನೆ ಹುಡುಗಿ ಓಡಿಹೋದಳಂತೆ ಹೌದಾ ಅಂದರೂ ಇದೇ ಉತ್ತರ. ಚಿಕ್ಕಮ್ಮನಿಗೆ ಇದು ಸಿಟ್ಟು ತರಿಸುತ್ತಿತ್ತು. "ಇವರ ಹತ್ರ ಮಾತಾಡೋಕಿಂತ ಕಾಂಪೌಂಡ್ ಗೋಡೆ ಹತ್ರ ಮಾತಾಡೋದು ವಾಸಿ" ಎನ್ನುತ್ತಿದ್ದಳು. ಹಾಗೆಂದು ದಿನವೂ ಆ ಗೋಡೆಯ ಬಳಿ ನಿಂತು ಅವರೊಂದಿಗೇ ಮಾತಾಡುತ್ತಿದ್ದಳು.

ನಾನು ಎಂ.ಎ. ಮುಗಿಸಿ ಚಿಂತಾಮಣಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಲು ಸೇರಿದಾಗ, ಓಡಾಟಕ್ಕೆ ಅನುಕೂಲವೆಂದು ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ಹುಳು ಸಾಕುವವರು. ಮನೆಯ ಹಿಂದೆ ಹುಳುಮನೆ, ಅದರಾಚೆ ಹಿಪ್ಪುನೇರಳೆ ಹೊಲ. ಹುಳುಮನೆಗೂ ಕೋಠಿ ಅಮ್ಮನ ಮನೆಗೂ ನಡುವೆ ಚಿಕ್ಕಪ್ಪನದೇ ಒಂದು ಖಾಲಿ ಸೈಟಿತ್ತು. ಹಿಂದೆ ದನ ಕಟ್ಟುತ್ತಿದ್ದ ಜಾಗ. ದನ ಹೋದ ಮೇಲೆ ಪಾರ್ಥೇನಿಯಂ ಆಕ್ರಮಿಸಿತ್ತು. "ನೀವೇ ಏನಾದ್ರೂ ಹಾಕ್ಕೊಳ್ಳಿ ಅಕ್ಕ, ಬದನೆಯೋ ಹೀರೆಯೋ" ಎಂದು ಚಿಕ್ಕಮ್ಮನೇ ಬಿಟ್ಟುಕೊಟ್ಟಿದ್ದಳಂತೆ.

ಬದನೆಯನ್ನೂ ಹಾಕಲಿಲ್ಲ, ಹೀರೆಯನ್ನೂ ಹಾಕಲಿಲ್ಲ. ಮೊದಲ ವರ್ಷವಿಡೀ ಪಾರ್ಥೇನಿಯಂ ಕಿತ್ತರು, ಅಷ್ಟೇ. ಕಿತ್ತ ಜಾಗದಲ್ಲಿ ಏನು ಬರುತ್ತದೋ ಎಂದು ಕಾದರು. ಮಳೆಗೆ ತುಂಬೆ ಬಂತು, ಉತ್ತರಾಣಿ ಬಂತು, ಗೋಡೆಯ ಬುಡದಲ್ಲಿ ಎಕ್ಕ ಬಂತು. ಬಂದದ್ದನ್ನೆಲ್ಲ ಉಳಿಸಿಕೊಂಡರು. ಬರದಿದ್ದದ್ದನ್ನು ಹುಡುಕಿಕೊಂಡು ಹೋದರು: ತಂಗಡಿ, ಲಕ್ಕಿ, ಕಾರೆ. ಕೋಠಿಯಲ್ಲಿ ಮೊಟ್ಟೆಯಿಡುವ ಚಿಟ್ಟೆಯ ಮೇಲೆ ಮುಚ್ಚುವ ಕಪ್ಪು ಪ್ಲಾಸ್ಟಿಕ್ ಆಲಿಕೆಗಳು ಹಳತಾಗಿ ಎಸೆದದ್ದನ್ನು ತಂದಿಟ್ಟುಕೊಂಡಿದ್ದರು. ಕೋಳಿ ಕೆದಕದಂತೆ ಎಳೆ ಸಸಿಗಳಿಗೆ ಅವನ್ನು ಬೋರಲು ಹಾಕುತ್ತಿದ್ದರು. ದೂರದಿಂದ ನೋಡಿದರೆ ಸೈಟಿನ ತುಂಬ ಪುಟ್ಟ ಪುಟ್ಟ ಟೋಪಿಗಳು.

"ಏನಕ್ಕಾ, ಜನ ಕಳೆ ಕೀಳ್ತಾರೆ, ನೀವು ಕಳೆ ನೆಡ್ತೀರಾ?" ಎಂದು ಚಿಕ್ಕಮ್ಮ ಗೋಡೆಯಾಚೆಯಿಂದ ಕೆಣಕುತ್ತಿದ್ದಳು.

"ನೀನು ಹುಳ ಸಾಕ್ತೀಯ, ನಾನೂ ಹುಳ ಸಾಕ್ತೀನಿ ಕಣೇ. ನಿನ್ನ ಹುಳಕ್ಕೆ ಮಾರ್ಕೆಟ್ ಇದೆ, ನನ್ನ ಹುಳಕ್ಕಿಲ್ಲ."

"ಮತ್ಯಾಕೆ ಸಾಕೋದು?"

"ನಿನ್ನ ಚಿಟ್ಟೆಗೆ ತಿನ್ನೋಕೆ ಬಾಯಿಲ್ಲ. ರೆಕ್ಕೆ ಇದ್ರೂ ಹಾರಲ್ಲ. ಮೂವತ್ತು ವರ್ಷ ಅದನ್ನೇ ನೋಡಿದ್ದೀನಿ. ಹಾರೋದನ್ನ ಒಂದಿಷ್ಟು ದಿನ ನೋಡ್ತೀನಿ ಬಿಡು."

ಚಿಕ್ಕಮ್ಮ ಸೋಲಲಿಲ್ಲ. ನರ್ಸರಿಯಿಂದ ಒಂದು ಕ್ರೋಟನ್ ಗಿಡ ತಂದು ಕೊಟ್ಟಳು, ನೋಡಲು ಅಂದವಾಗಿರಲಿ ಎಂದು. ಅದನ್ನು ಮೆಟ್ಟಿಲ ಬಳಿ ಇಟ್ಟು ತಿಂಗಳುಗಟ್ಟಲೆ ನೀರು ಹಾಕಿದರು. ಆಮೇಲೊಂದು ದಿನ ಅದರ ಎಲೆಯನ್ನು ಎಡಗಣ್ಣು ಮುಚ್ಚಿ ನೋಡಿ, "ಎಷ್ಟು ಚೆನ್ನಾಗಿದೆ! ಒಂದು ತೂತಿಲ್ಲ. ಪಾಪ, ಇದರ ಮನೆಗೆ ಊಟಕ್ಕೆ ಯಾರೂ ಬಂದಿಲ್ಲ" ಎಂದರು.

ಅವರ ತೋಟದಲ್ಲಿ ತೂತಿಲ್ಲದ ಎಲೆ ಹುಡುಕಬೇಕಿತ್ತು. ಎಕ್ಕದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು. ತಂಗಡಿಯಲ್ಲಿ ಎಲೆಯದೇ ಬಣ್ಣದ ಹುಳು. ಲಕ್ಕಿಯ ಹೂವಿಗೆ ಜೇನು. ಹುಳುವಿಗೆ ಹಕ್ಕಿ, ಹಕ್ಕಿಯ ಮರಿಗೆ ಬೆಕ್ಕು. ಎಲ್ಲವನ್ನೂ ನೋಡುತ್ತಿದ್ದರು, ಯಾವುದಕ್ಕೂ ಅಡ್ಡ ಬರುತ್ತಿರಲಿಲ್ಲ. ಒಂದು ಸಲ ಗೋಸುಂಬೆಯೊಂದು ಸಾಲಾಗಿ ಹುಳು ನುಂಗುತ್ತಿದ್ದಾಗ ನಾನು ಕೋಲು ಎತ್ತಿದೆ. ಕೈ ಹಿಡಿದು ನಿಲ್ಲಿಸಿದರು. ಮನೆಮಾತು ತೆಲುಗು, ಪ್ರೀತಿ ಬಂದಾಗ ಅದೇ ಬರುತ್ತಿತ್ತು. "ತಿನು ನಾಯ್ನಾ, ತಿನು" ಎಂದು ಗೋಸುಂಬೆಗೇ ಹೇಳಿದರು. ಉಣ್ಣಲು ಕೂತ ಮಗುವಿಗೆ ಹೇಳಿದ ಹಾಗಿತ್ತು.

ಇಷ್ಟು ಚಿಟ್ಟೆ ಅರೆದ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೆ ಎಂದು ಬೀದಿಯಲ್ಲಿ ಒಂದು ಮಾತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಓದಿದವರಿಗೆ ಇಂಥ ಅರ್ಥಗಳು ಬೇಗ ಸಿಗುತ್ತವೆ. ಕೇಳಿಯೇಬಿಟ್ಟೆ. ನಕ್ಕರು. "ಪಾಪಾನೂ ಇಲ್ಲ, ಪುಣ್ಯಾನೂ ಇಲ್ಲ ಕಣಮ್ಮ. ಅರೀದೇ ಇದ್ದಿದ್ರೆ ಊರಿನ ಹುಳ ಎಲ್ಲ ಹೋಗೋದು. ಸುಮ್ನೆ ಕೂತ್ರೆ ಕಣ್ಣು ಜಡ ಆಗುತ್ತೆ, ಅದಕ್ಕೆ ಇದು." ಅದೂ ಪೂರ್ತಿ ನಿಜವಿರಲಾರದು. ಆದರೆ ಈಗ ಯಾರನ್ನು ಕೇಳಲಿ?

ನಮ್ಮೂರ ಗಿಡ ಎಂದರೆ ಯಾವುದು ಎನ್ನುವುದಕ್ಕೆ ಅವರದೇ ಒಂದು ಅಳತೆಯಿತ್ತು. ಬಸ್ಸು ಹತ್ತಿ ಕೂತ ಮೇಲೆ ನಿದ್ದೆ ಬರುವುದರೊಳಗೆ ಇಳಿಯುವ ಜಾಗದಲ್ಲಿ ಬೆಳೆದಿದ್ದರೆ ಅದು ನಮ್ಮೂರ ಗಿಡ. ನಿದ್ದೆ ಬಂದ ಮೇಲಿನ ಊರಿನದಾದರೆ ಅದು ನೆಂಟರ ಗಿಡ, ನೋಡಿ ಬರಬೇಕು, ತರಬಾರದು. ಈಶ್ವರಿ ಬಳ್ಳಿ ಬೇಕೆಂದು ಒಂದು ಭಾನುವಾರ ನನ್ನನ್ನು ಕರೆದುಕೊಂಡು ಕಳವಾರಕ್ಕೆ ಹೊರಟರು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಕಣ್ಣು ಅಗಲಿಸಿಕೊಂಡು ಕೂತಿದ್ದರು. ಬೆಟ್ಟದ ಬುಡದಲ್ಲಿ ಚಾರಣಕ್ಕೆ ಬಂದ ಬೆಂಗಳೂರಿನ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಇವರು ಪೊದೆಯೊಳಗೆ ತಲೆ ತೂರಿಸಿ, ಐದು ಕಾಯಿ ಕಂಡರೆ ಒಂದನ್ನು ಮಾತ್ರ ಕಿತ್ತರು. ಒಬ್ಬ ಹುಡುಗ ಬಂದು, "ಆಂಟಿ, ಇದು ಯಾವ ಕಾಯಿಲೆಗೆ ಔಷಧಿ?" ಎಂದು ಕೇಳಿದ.

"ಯಾವ ಕಾಯಿಲೆಗೂ ಅಲ್ಲಪ್ಪ. ಚಿಟ್ಟೆ ತಿನ್ನುತ್ತೆ."

"ಅಷ್ಟೇನಾ?"

"ಅಷ್ಟೇ. ನಿನಗೆ ಪೀಜಾ ಯಾವ ಕಾಯಿಲೆಗೆ?"

ವಾಪಸು ಬರುವಾಗ ನಂದಿ ಕ್ರಾಸ್ ಕಡೆಯಿಂದ ಬಂದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆದರು. ಎಬ್ಬಿಸಿ, "ನಿದ್ದೆ ಮಾಡಿದ್ರಲ್ಲಾ ಅಮ್ಮ, ಈಗ ಬೀಜ ವಾಪಸ್ ಬಿಟ್ಟು ಬರಬೇಕಾ?" ಎಂದೆ. "ಬರೋವಾಗಿನ ನಿದ್ದೆ ಲೆಕ್ಕಕ್ಕಿಲ್ಲ" ಎಂದರು, ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತ. ಇಲ್ಲಿ ಸೆರಗಿನ ಗಂಟು ನಿಜವಾಗಿ ಇತ್ತು ಎಂದೇ ನಂಬಿದ್ದೇನೆ.

ಆ ಬಳ್ಳಿ ಹಬ್ಬಲು ಎರಡು ವರ್ಷ ಬೇಕಾಯಿತು. ಮೂರನೆಯ ವರ್ಷ ಕರಿ ರೆಕ್ಕೆಯ, ಕೆಂಪು ಮೈಯ ಚಿಟ್ಟೆಯೊಂದು ಬಂತು. ಎಲ್ಲಿಂದ ಬಂತು, ಬಳ್ಳಿ ಇಲ್ಲಿದೆಯೆಂದು ಅದಕ್ಕೆ ಹೇಗೆ ತಿಳಿಯಿತು ಎಂದು ಕೇಳಿದೆ. "ನೋಡ್ದೆ ಹೇಳಬಾರ್ದು" ಎಂದರು. ಆದರೆ ಆ ದಿನ ಬೀದಿಯ ನಾಲ್ಕು ಮನೆಗೆ ಪಾಯಸ ಹೋಯಿತು. ಯಾಕೆಂದು ಹೇಳಿ ಕಳಿಸಲಿಲ್ಲ.

ಕರಿಬೇವಿನ ವಿಷಯ ಬರೆಯದಿದ್ದರೆ ಅವರನ್ನು ಬರೆದಂತೆ ಆಗುವುದಿಲ್ಲ. ತೋಟದ ಮೂಲೆಯ ಕರಿಬೇವಿನಿಂದ ಬೀದಿಗೆಲ್ಲ ಸೊಪ್ಪು. ಯಾರು ಬೇಕಾದರೂ ಕಿತ್ತುಕೊಳ್ಳಬಹುದು, ಒಂದೇ ಷರತ್ತು. ಹುಳು ಇರುವ ರೆಂಬೆಗೆ ಅವರು ಒಂದೆಳೆ ಹಳದಿ ಕಚ್ಚಾ ರೇಷ್ಮೆ ಕಟ್ಟಿರುತ್ತಿದ್ದರು. ದಾರ ಇರುವುದನ್ನು ಮುಟ್ಟಬಾರದು. ಮೊದಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಆ ಹುಳು ಆಮೇಲೆ ಹಸಿರಾಗಿ ದಪ್ಪವಾಗುತ್ತದೆ. ಬೇರೆ ಊರಿನಲ್ಲಾದರೆ ಹುಳು ಎಂದರೆ ಹೆಂಗಸರು ಚೀರುತ್ತಾರೆ. ನಮ್ಮಲ್ಲಿ ಹುಳುವಿಗೆ ಜ್ವರ ಬಂತು, ಹುಳು ಊಟ ಮಾಡಿತು ಎಂದು ಮನೆಮಕ್ಕಳ ಹಾಗೆ ಮಾತಾಡುವವರು; ಹಾಗಾಗಿ ದಾರದ ಮಾತನ್ನು ಎಲ್ಲರೂ ನಡೆಸಿಕೊಟ್ಟರು. ಚಿಕ್ಕಮ್ಮ ಮಾತ್ರ ತನ್ನ ಹಿತ್ತಲಿನ ಕರಿಬೇವಿನಲ್ಲಿ ಹುಳು ಕಂಡರೆ ಚಪ್ಪಲಿಯಡಿ ಒರೆಸುತ್ತಿದ್ದಳು. "ಮನೇಲಿ ಲಕ್ಷ ಹುಳ ಇದೆ ನನಗೆ. ಇದೊಂದಕ್ಕೆ ನಾನು ತಾಯಿ ಆಗ್ಬೇಕಾ?"

ಇನ್ನು ಆ ಬೇಸಿಗೆ.

ಕೋಠಿ ಅಮ್ಮನಿಗೆ ಬಲಗಣ್ಣಿಗೇ ಪೊರೆ ಬಂತು. ಆಪರೇಷನ್‌ಗೆಂದು ಗೌರಿಬಿದನೂರಿನ ತಂಗಿಯ ಮನೆಗೆ ಹೊರಟರು. ತೋಟ ನನ್ನ ಪಾಲಿಗೆ ಬಂತು. "ನೀರು ಹಾಕ್ಬೇಕಾ?" ಎಂದೆ. "ಬೇಡ. ಏನೂ ಮಾಡ್ಬೇಡ. ದಿನಾ ಒಂದ್ಸಲ ನಿಂತು ನೋಡು, ಅಷ್ಟು ಸಾಕು." ಏನೂ ಮಾಡದಿರುವುದನ್ನು ಒಬ್ಬರಿಗೆ ವಹಿಸಿ ಹೋಗುವುದು ವಿಚಿತ್ರ ಎನ್ನಿಸಿತ್ತು. ಡೈರಿಯಲ್ಲಿ ಅದನ್ನು ತಮಾಷೆಯಾಗಿ ಬರೆದಿದ್ದೇನೆ ಕೂಡ.

ಅವರು ಹೋಗಿ ಹತ್ತು ದಿನಕ್ಕೆ ಚಿಕ್ಕಮ್ಮನ ಹುಳು ಕೆಟ್ಟಿತು. ಪೊರೆ ಕಳಚುವ ನಾಲ್ಕನೇ ಜ್ವರ ದಾಟಿ, ರಾಶಿ ರಾಶಿ ಸೊಪ್ಪು ತಿಂದು ಗೂಡು ಕಟ್ಟಬೇಕಾದ ಹುಳು ಮೇವು ಬಿಟ್ಟಿತು. ಒಂದು ದಪ್ಪ, ಒಂದು ಸಣ್ಣ. ಮುಟ್ಟಿದರೆ ಮೆತ್ತಗೆ. ಹುಳುಮನೆಯಿಂದ ಹುಳಿ ವಾಸನೆ ಬರತೊಡಗಿತು. ಚಿಕ್ಕಮ್ಮ ತಟ್ಟೆ ತಟ್ಟೆ ಎತ್ತಿ ನೋಡಿ, ಬಾಗಿಲ ಬಳಿ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಗು ಕಾಯಿಲೆ ಬಿದ್ದ ಮನೆಯ ಅಳು ಅದು. ಅಳುತ್ತಲೇ ಸೈಟಿನ ಕಡೆ ನೋಡಿದಳು. "ಆ ಕಾಡುಹುಳದಿಂದ ಬಂದಿರುತ್ತೆ. ಅಷ್ಟೊಂದು ಸಾಕಿದ್ದಾರಲ್ಲ ಅಲ್ಲಿ. ಅವರನ್ನೇ ಕೇಳು, ಅವರಿಗೇ ಗೊತ್ತಲ್ಲ ಎಲ್ಲ."

ನಾನು ಫೋನ್ ಮಾಡಿದೆ. ಆ ಕಡೆಯ ಮಾತು ನನಗೆ ಅಕ್ಷರಶಃ ನೆನಪಿದೆ, ಅಥವಾ ಅಕ್ಷರಶಃ ನೆನಪಿದೆ ಎಂದು ನನಗೆ ಅನ್ನಿಸುತ್ತದೆ. "ನಿಮ್ಮ ತೋಟದ ಹುಳದಿಂದ ರೋಗ ಬಂದಿರಬಹುದಾ ಅಮ್ಮ?" ಎಂದೆ. ಅವರು ಹೇಳಿದ್ದು ಇದು:

"ಬರಬಹುದು. ಬರದೇನೂ ಇರಬಹುದು. ಕಾಡು ಹುಳದಲ್ಲೂ ಗಂಟುರೋಗ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಈ ಬಿಸಿಲಿಗೆ, ಒದ್ದೆ ಸೊಪ್ಪಿಗೆ ಬೇರೆ ರೋಗಾನೂ ಹಿಂಗೇ ಕಾಣುತ್ತೆ. ನೋಡ್ದೆ ಹೇಳಬಾರ್ದು. ಸತ್ತಿರೋ ಎರಡು ಹುಳ ಒಂದು ಡಬ್ಬಿಲಿ ಹಾಕಿ ಇಟ್ಟಿರು. ನನಗಿನ್ನೂ ಕಣ್ಣು ಕಟ್ಟಿದ್ದಾರೆ, ಕೋಠಿಲಿ ಯಾರಿಗಾದ್ರೂ ಹೇಳಿ ನೋಡಿಸ್ತೀನಿ. ಅಲ್ಲೀವರೆಗೂ ಏನೂ ಮಾಡ್ಬೇಡಿ."

ಇದಾದ ಮೇಲೆ ಏನಾಯಿತು? ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇಷ್ಟನ್ನೂ ಹೇಳುತ್ತೇನೆ, ಡಬ್ಬಿಯ ಮಾತೂ ಸೇರಿ, ಚಿಕ್ಕಮ್ಮ ತಲೆಯಾಡಿಸುತ್ತಾಳೆ. ಇನ್ನೊಂದರಲ್ಲಿ, ಅವಳು ಮೂಗು ಒರೆಸಿಕೊಳ್ಳುತ್ತ "ಏನಂದ್ರು?" ಎನ್ನುತ್ತಾಳೆ, ನಾನು "ಬರಬಹುದಂತೆ" ಎಂದು ಹೇಳಿ, ಮರುದಿನದ ಪಾಠದ ಟಿಪ್ಪಣಿಗೆ ಕೂರುತ್ತೇನೆ. ಎರಡರಲ್ಲೂ ಬೆಳಕು ಒಂದೇ, ಚಿಕ್ಕಮ್ಮನ ಸೀರೆ ಒಂದೇ. ಮೊದಲನೆಯದು ನನಗೆ ಅನುಕೂಲವಾದದ್ದು. ಅದಕ್ಕೇ ಅದರ ಮೇಲೆ ಅನುಮಾನ.

ಮರುದಿನ ನಾನು ಚಿಂತಾಮಣಿಗೆ ಹೋಗಿದ್ದಾಗ ಚಿಕ್ಕಪ್ಪ ಜೆಸಿಬಿ ಕರೆಸಿದ. ಅರ್ಧ ಗಂಟೆಯ ಕೆಲಸ. ಕೆರೆದದ್ದನ್ನು ಗುಡ್ಡೆ ಹಾಕಿ ಸುಟ್ಟರು. ಸತ್ತ ಹುಳುವನ್ನೂ ಸಾಯದ ಹುಳುವನ್ನೂ ಸುಣ್ಣ ಹಾಕಿ ಹೂತರು. ಹುಳುಮನೆ ತೊಳೆಯುವಾಗ ಮಾಡುವಂತೆ ಬ್ಲೀಚಿಂಗ್ ಪುಡಿ ಕಲಸಿ ಬರೀ ಮಣ್ಣಿಗೆಲ್ಲ ಹೊಡೆದರು. ಕಾಲೇಜಿನಿಂದ ಬಂದಾಗ ಸೈಟು ಇಷ್ಟು ಚಿಕ್ಕದಾ ಎನ್ನಿಸಿತು. ಈಶ್ವರಿ ಬಳ್ಳಿ ಹಬ್ಬಿದ್ದ ಬೇಲಿ ಕಂಬ ಒಂದು ಓರೆಯಾಗಿ ನಿಂತಿತ್ತು. ನಾನು ಜಗಳವಾಡಲಿಲ್ಲ. ಇದು ಮಾತ್ರ ಖಂಡಿತ ನೆನಪಿದೆ. ಚಿಕ್ಕಮ್ಮ ಎರಡು ದಿನದಿಂದ ಊಟ ಮಾಡಿರಲಿಲ್ಲ. ಅವಳಿಗೆ ಅನ್ನ ಕಲಸಿ ಕೊಟ್ಟೆ.

ಕೋಠಿ ಅಮ್ಮ ಬಂದದ್ದು ಮೂರನೆಯ ವಾರ, ಕಪ್ಪು ಕನ್ನಡಕ ಹಾಕಿಕೊಂಡು. ಯಾರೂ ಫೋನಿನಲ್ಲಿ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಗೇಟಿನ ಬಳಿ ನಿಂತು ಮೊದಲು ಮೂಗೆಳೆದರು. ಬ್ಲೀಚಿಂಗ್ ವಾಸನೆ ಇನ್ನೂ ಮಣ್ಣಿನಲ್ಲಿತ್ತು. ಮೂವತ್ತು ವರ್ಷ ಅವರ ಕೈಯಲ್ಲಿ, ಸೀರೆಯಲ್ಲಿ ಇದ್ದ ವಾಸನೆ.

"ಕೋಠಿ ವಾಸನೆ" ಎಂದರು. "ಒಂದು ನಿಮಿಷ ರಿಟೈರ್ ಆಗಿದ್ದೇ ಮರ್ತುಹೋಯ್ತು."

ಚಿಕ್ಕಮ್ಮ ಓಡಿಬಂದು, "ಹುಳ ಎಲ್ಲ ಹೋಯ್ತಕ್ಕ, ಏನ್ ಮಾಡ್ಲಿ ಹೇಳಿ, ಜೀವ ಬಾಯಿಗೆ ಬಂದಿತ್ತು" ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅವರು ಬೈಯಲಿಲ್ಲ. ಚಿಕ್ಕಮ್ಮನ ಭುಜದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಎರಡು ಹುಳ ಇಟ್ಟಿದ್ದೀಯಾಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ, "ಎಲ್ಲ ಹೂತ್ಬಿಟ್ವಿ ಅಕ್ಕ. ಇಡ್ಬೇಕು ಅಂತ ನಮಗೆ ಯಾರೂ ಹೇಳ್ಲಿಲ್ಲ" ಎಂದಳು.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಎಡಗಣ್ಣು ಮುಚ್ಚಿತ್ತು. ಆಮೇಲೆ ಕನ್ನಡಕ ಹಾಕಿಕೊಂಡು, "ಹಂಗಾದ್ರೆ ಗೊತ್ತಾಗಲ್ಲ ಬಿಡು. ನನ್ನ ಹುಳದ್ದೇ ಇದ್ರೂ ಇರಬಹುದು" ಎಂದು ಒಳಗೆ ಹೋದರು.

ಇದನ್ನು ನಾನು ಅರಗಿಸಿಕೊಳ್ಳಲಾರದೆ ಹೋದೆ. ಊರಿನಲ್ಲಿ ಹುಳುವಿನ ರೋಗದ ಬಗ್ಗೆ ಅವರ ಮಾತೇ ಕೊನೆಯ ಮಾತು. "ನಮ್ಮ ತೋಟದಿಂದ ಅಲ್ಲ" ಎಂದು ಒಂದು ಮಾತು ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಹೇಳಲಿಲ್ಲ. ತಾವು ನೋಡಿರದ ಹುಳುವಿನ ಬಗ್ಗೆ, ತಮ್ಮದೇ ತೋಟವನ್ನು ಬಿಡಿಸಿಕೊಳ್ಳಲೂ ಹೇಳಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಆಧಾರವಿಲ್ಲದೆ ಬರೆಯಬೇಡಿ ಎಂದು ನಾನು ಎಷ್ಟು ಸಲೀಸಾಗಿ ಹೇಳುತ್ತೇನೆ!

ಮುಂದಿನ ಎರಡು ಬೆಳೆ ಚಿಕ್ಕಮ್ಮನಿಗೆ ಚೆನ್ನಾಗಿ ಬಂತು. "ನೋಡಿದ್ಯಾ?" ಎಂದಳು ನನಗೆ. ಮೂರನೆಯ ಬೆಳೆ ಮತ್ತೆ ಹೋಯಿತು, ಹಿಂದಿನ ಹಾಗೆಯೇ, ದಪ್ಪ ಸಣ್ಣ, ಅದೇ ಹುಳಿ ವಾಸನೆ. ಆಗ ಪಕ್ಕದಲ್ಲಿ ತೋಟ ಇರಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ. ಕೋಠಿ ಅಮ್ಮನೂ ಆ ಹೊತ್ತಿಗೆ ಮನೆ ಬಾಡಿಗೆಗೆ ಕೊಟ್ಟು ಗೌರಿಬಿದನೂರಿಗೆ ಹೋಗಿಯಾಗಿತ್ತು. ಮತ್ತೆ ನೆಡಲಿಲ್ಲ ಅವರು. ಕೇಳಿದ್ದಕ್ಕೆ, "ಬೇರು ಎಲ್ಲಿ ಹೋಗುತ್ತೆ, ಇದ್ದರೆ ಬರುತ್ತೆ" ಎಂದಿದ್ದರು.

ನಾನು ಅವರನ್ನು ಕಂಡದ್ದು ಆಮೇಲೆ ಒಂದೇ ಸಲ. ನನಗೆ ಚಿಕ್ಕಬಳ್ಳಾಪುರಕ್ಕೆ ಕೆಲಸ ಬದಲಾಗಿತ್ತು. ಗೌರಿಬಿದನೂರಿನ ಆ ಮನೆಯ ಚರಂಡಿ ಪಕ್ಕ ಒಂದು ಎಕ್ಕ ಎದ್ದಿತ್ತು, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಈ ಕಣ್ಣಿಗೆ ಈಗ ಎಲ್ಲ ಸ್ವಲ್ಪ ನೀಲಿ ಕಾಣುತ್ತಮ್ಮ. ಎಕ್ಕದ ಹೂವ ಇನ್ನೂ ಚೆನ್ನಾಗಿ ಕಾಣುತ್ತೆ" ಎಂದು ನಕ್ಕರು. ಚಿಕ್ಕಮ್ಮನ ಮಂಡಿ ನೋವು ವಿಚಾರಿಸಿದರು. ಹೊರಡುವ ಹೊತ್ತಿಗೆ ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದನ್ನು ಶುರುಮಾಡಿದೆ.

"ಅಮ್ಮ, ಆವತ್ತು ನೀವು ಫೋನಲ್ಲಿ ಹೇಳಿದ್ದನ್ನ ನಾನು ಚಿಕ್ಕಮ್ಮನಿಗೆ ಅರ್ಧನೇ ಹೇಳಿದ್ನೇನೋ. ಅದಕ್ಕೇ ಅವಳು..."

"ಹೇಳಿದ್ನೇನೋ ಅಂದ್ರೆ? ಹೇಳಿದ್ಯಾ, ಇಲ್ವಾ?"

"ಸರಿಯಾಗಿ ನೆನಪಿಲ್ಲ."

"ಮತ್ತೆ ಯಾಕೆ ಹೇಳ್ತೀಯ?" ಎಂದರು. ತಂಗಿಯನ್ನು ಕರೆದು, "ಇವಳಿಗೆ ಮಜ್ಜಿಗೆ ಕೊಡೇ, ಬಿಸಿಲಲ್ಲಿ ಹೋಗ್ಬೇಕು" ಎಂದರು.

ಅದು ಕ್ಷಮೆಯೋ, ಕ್ಷಮೆ ಕೊಡಲು ಒಪ್ಪದಿರುವುದೋ ನನಗೆ ತಿಳಿಯಲಿಲ್ಲ. ರೈಲಿನಲ್ಲಿ ಒಮ್ಮೆ ಹಗುರಾಗಿದ್ದೆ, ಯಲಹಂಕ ಬರುವುದರೊಳಗೆ ಮನಸ್ಸು ಮತ್ತೆ ಭಾರವಾಗಿತ್ತು. ಬಸ್ಸಿನಲ್ಲಿ ಹೋಗಬೇಕಾದವಳು ಯಾಕೆ ರೈಲು ಹತ್ತಿ ಸುತ್ತಿಕೊಂಡು ಬಂದೆ ಎನ್ನುವುದೂ ಈಗ ನೆನಪಿಲ್ಲ.

ಅವರು ತೀರಿಕೊಂಡರೆಂದು ತಂಗಿ ಫೋನ್ ಮಾಡಿದ ಮೇಲೆ ಆ ವರ್ಷದ ಡೈರಿ ಹುಡುಕಿ ತೆಗೆದೆ. ಆ ದಿನದ ಪುಟದಲ್ಲಿ ನಾಲ್ಕು ಸಾಲಿವೆ. ಬಿಸಿಲು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಚಿಕ್ಕಮ್ಮನ ಹುಳು ಹೋಗುತ್ತಿದೆ. ಕೊನೆಯ ಸಾಲು: "ಕೋಠಿ ಅಮ್ಮನಿಗೆ ಫೋನ್ ಮಾಡಿದೆ. ತೋಟದಿಂದ ಬರಬಹುದು ಅಂದರು."

ಅಷ್ಟೇ ಇದೆ. ಬರದೆಯೂ ಇರಬಹುದು ಎಂಬುದಿಲ್ಲ, ಡಬ್ಬಿಯಿಲ್ಲ, ಏನೂ ಮಾಡಬೇಡಿ ಎಂಬುದಿಲ್ಲ. ನನಗೆ ನಾನೇ ಬರೆದುಕೊಂಡಾಗಲೂ ಅರ್ಧವನ್ನೇ ಬರೆದಿದ್ದೇನೆ. ಹಾಗಾದರೆ ಚಿಕ್ಕಮ್ಮನಿಗೂ ಅಷ್ಟೇ ಹೇಳಿರಬೇಕು. ಇಲ್ಲ, ಬರೆಯುವುದು ಬೇರೆ, ಹೇಳುವುದು ಬೇರೆ. ನಿದ್ದೆಗಣ್ಣಿನಲ್ಲಿ ಚುಟುಕಾಗಿ ಬರೆದಿರಬಹುದು. ಹೀಗೆ ಎರಡೂ ಕಡೆ ವಾದಿಸುತ್ತ ಬಹಳ ದಿನ ಕಳೆದೆ. ಕೊನೆಗೆ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಸಾವಿನ ಸುದ್ದಿ ಚಿಕ್ಕಮ್ಮನಿಗೆ ಅಷ್ಟರಲ್ಲಿ ತಲುಪಿತ್ತು. "ಹೋಗಿ ಬರಬೇಕಿತ್ತು" ಎಂದಷ್ಟೇ ಹೇಳಿ ಕಾಫಿಗಿಡಲು ಒಳಗೆ ಹೋದಳು.

ನಾನು ಹಿತ್ತಲಿಗೆ ಹೋದೆ. ಸೈಟಿನಲ್ಲಿ ತಂಗಡಿ ಬೇರಿನಿಂದ ಚಿಗುರಿ ಸೊಂಟದೆತ್ತರ ಬಂದಿದೆ. ತುಂಬೆ ಇದೆ, ಎಕ್ಕ ಇದೆ. ಈಶ್ವರಿ ಬಳ್ಳಿ ಇಲ್ಲ. ಪಾರ್ಥೇನಿಯಂ ಇರಬೇಕಿತ್ತು, ಇರಲಿಲ್ಲ. ಕಿತ್ತು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿತ್ತು. ಯಾರು ಕಿತ್ತರೆಂದು ಕೇಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಚಿಕ್ಕಮ್ಮನ ಕರಿಬೇವು. ಅದರ ಕೆಳಗಿನ ರೆಂಬೆಯೊಂದಕ್ಕೆ ಒಂದೆಳೆ ಹಳದಿ ಕಚ್ಚಾ ರೇಷ್ಮೆ ಕಟ್ಟಿತ್ತು. ರೆಂಬೆಯ ಎಲೆಗಳು ಅಂಚಿನಿಂದ ತಿಂದುಹೋಗಿದ್ದವು. ಬಗ್ಗಿ ನೋಡಿದೆ. ಬೆರಳುದ್ದದ ಹಸಿರು ಹುಳು.

ಚಿಕ್ಕಮ್ಮ ಕಾಫಿ ಹಿಡಿದು ಹಿಂದೆ ಬಂದು ನಿಂತಿದ್ದಳು. "ಸಾರಿಗೆ ಒಂದೆಸಳು ಕರಿಬೇವು ಕಿತ್ಕೊಡು. ಆ ಕಡೇದು ಬೇಡ, ಈ ಕಡೆ ಕೀಳು" ಎಂದಳು. ಆಗ ಕೇಳಿದೆ. ಅವಳು ಲೋಟ ನನ್ನ ಕೈಗಿಟ್ಟು, ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಎಲ್ಲ ತೆಗೆದು, ಮಡಚಿ, ಒಳಗೆ ಹೋದಳು. ಐದು ವಾರವಾಯಿತು. ಭಾನುವಾರ ಭಾನುವಾರ ಮಾತಾಡುತ್ತೇವೆ, ಮಂಡಿ ನೋವು, ಮಳೆ, ಸೊಪ್ಪಿನ ರೇಟು. ಉತ್ತರ ಬಂದಿಲ್ಲ. ಕೇಳಿದ ಮಾತನ್ನಾದರೂ ಈ ಸಲ ಅರ್ಧ ಮಾಡದೆ ಪೂರ್ತಿ ಬರೆದಿಡುತ್ತೇನೆ:

"ಚಿಕ್ಕಮ್ಮ, ಆವತ್ತು ಕೋಠಿ ಅಮ್ಮನ ಹತ್ರ ಫೋನಲ್ಲಿ ಮಾತಾಡಿ ಬಂದು ನಾನು ನಿನಗೆ ಏನಂತ ಹೇಳಿದೆ? ಬರಬಹುದಂತೆ ಅಂತ ಅಷ್ಟೇ ಹೇಳಿದ್ನಾ, ಎರಡು ಹುಳ ಎತ್ತಿಡು ಅಂದಿದ್ದಾರೆ, ಅವರು ಬರೋವರೆಗೂ ತೋಟ ಮುಟ್ಟಬೇಡ ಅಂದಿದ್ದಾರೆ ಅಂತಾನೂ ಹೇಳಿದ್ನಾ?"